ಬೀಸುವ ಕಲ್ಲಿನ ಇಂಗ್ಲಿಷು

ಗಿರಣಿಯಿಂದ ಈಗಷ್ಟೇ ಬಂದ ಜೋಳದ ಹಿಟ್ಟು ಇನ್ನೂ ಬಿಸಿಯಿತ್ತು. ಡಬ್ಬಿಗೆ ಸುರಿಯುವಾಗ ಆ ವಾಸನೆಗೆ ಹೊಸಪೇಟೆಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದಳು. ಬಿಳಿಯರ ಕಾಲ ಅದು...

ಅಕ್ಕ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದಳು. ಬಳ್ಳಾರಿಯಲ್ಲಿ ಹೆಣ್ಣುಮಕ್ಕಳಿಗೆ ಮಾಸ್ತರಿಕೆ ಕಲಿಸುತ್ತಾರೆಂದು ಕೇಳಿ, ಹಂಗಿನ ರೊಟ್ಟಿ ಸಾಕು ಎಂದು ಹಟ ಹಿಡಿದಳು. ಅಣ್ಣ ಕೊನೆಗೆ, "ಒಂದ್ಸಲ ಪರೀಕ್ಷಾ ಕೊಟ್ಟು ಬಾ. ಆಗಲಿಲ್ಲಂದ್ರ ಮತ್ತ ಆ ಮಾತು ಎತ್ತಬ್ಯಾಡ" ಅಂದ.

ನಾನು ಥರ್ಡ್ ಫಾರಂ, ಅಂದರೆ ಈಗಿನ ಎಂಟನೇ ತರಗತಿ ಓದಿ, ಮದುವೆಗೆ ಕಾಯುತ್ತ ಮನೆಯಲ್ಲಿದ್ದವಳು. ಪರೀಕ್ಷೆಯಲ್ಲಿ ಇಂಗ್ಲಿಷೂ ಕೇಳುತ್ತಿದ್ದರು, ಅಕ್ಕನಿಗೆ ಅದನ್ನು ಕಲಿಸುವ ಕೆಲಸ ನನ್ನದಾಯಿತು. ಪುಸ್ತಕ ಹಿಡಿದು ಕೂರಲು ಅವಳಿಗೆ ಪುರುಸೊತ್ತೆಲ್ಲಿ? ಬೆಳಗಿನ ಜಾವ ಬೀಸುವ ಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟ ಹಿಡಿದು ತಿರುಗಿಸುತ್ತ, ಬೀಸುವ ಪದದ ಧಾಟಿಯಲ್ಲಿ ಒಂದೊಂದು ಕ್ರಿಯಾಪದದ ಮೂರು ರೂಪಗಳನ್ನೂ ಹಾಡುತ್ತಿದ್ದೆವು. "ಲೈ" ಬಂದ ದಿನ ಅಕ್ಕ ಕಲ್ಲು ನಿಲ್ಲಿಸಿಬಿಟ್ಟಳು.

"ಮಲಗೋದಕ್ಕೂ ಅದ, ಸುಳ್ಳು ಹೇಳೋದಕ್ಕೂ ಅದ? ಆ ಮಂದಿಗೆ ಮಾತಿನ ಬರ ಬಂದೈತೇನ ತಂಗಿ?"

ನಕ್ಕು ನಕ್ಕು ಸಾಕಾಯಿತು. ಆದರೂ ಎರಡನ್ನೂ ಬೇರೆಬೇರೆ ಹಾಡಿ ಬಾಯಿಪಾಠ ಮಾಡಿದಳು. ಮಲಗಲು ಲೈ, ಲೇ, ಲೇನ್. ಸುಳ್ಳಿಗೆ ಲೈ, ಲೈಡ್, ಲೈಡ್.

ಪರೀಕ್ಷೆಗೆ ಬಳ್ಳಾರಿಗೆ ನಾನೂ ಜೊತೆಗೆ ಹೋದೆ. ಬಂದವರನ್ನೆಲ್ಲ ಒಂದೇ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದರು. ಅಕ್ಕನಿಗೆ ಅದೇ ಪದ ಬಂತು, ಎರಡೂ ಅರ್ಥಕ್ಕೆ. ಬರುತ್ತಿತ್ತು, ಆದರೆ ಬಾಯಿ ಬಿಡಲಾಗಲಿಲ್ಲ. ಆಮೇಲೆ ಬಲಗೈ ತಾನಾಗಿ ಮುಂದೆ ಬಂತು, ಗೂಟ ಹಿಡಿದಂತೆ ಮುಷ್ಟಿಯಾಯಿತು, ಗಾಳಿಯಲ್ಲಿ ತಿರುಗತೊಡಗಿತು. ಕೈ ತಿರುಗಿದ್ದೇ ಪದವೂ ಹೊರಟಿತು, ಬೀಸುವ ಧಾಟಿಯಲ್ಲೇ. "ಲೈ... ಲೇ... ಲೇನ್..."

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಕುಚೇಷ್ಟೆಯಿಂದಲ್ಲ, ಸುಮ್ಮನೆ ಬಂತು. ನನ್ನ ನಗು ಕೇಳಿ ಇಡೀ ಕೋಣೆ ನಕ್ಕಿತು. ಅಕ್ಕನ ಕೈ ನಿಂತಿತು. "ಮುಂದ ಹೇಳಮ್ಮ, ಸರಿ ಐತಿ" ಎಂದು ಪರೀಕ್ಷೆ ನಡೆಸುತ್ತಿದ್ದ ಮೇಡಮ್ಮನವರು ಎರಡು ಸಲ ಅಂದರು. ಉಳಿದ ಮೂರು ಪದ ಬರಲೇ ಇಲ್ಲ, ಪರೀಕ್ಷೆ ಅಲ್ಲಿಗೇ ಕೈತಪ್ಪಿತು. ಅಕ್ಕ ಸೆರಗು ಹೊದ್ದು ಕೂತಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ರೈಲಿನಲ್ಲಿ ಅಕ್ಕ, ಮೊದಲು ನಕ್ಕವರು ಯಾರೆಂದು ಕೇಳಲಿಲ್ಲ. ದಿನಾ ಎದುರಿಗೆ ಕೂತು ಆ ನಗು ಕೇಳಿದವಳಿಗೆ ಗುರುತು ಹತ್ತದೆ ಇರುತ್ತದೆಯೇ? ಮರುದಿನ ಬೆಳಿಗ್ಗೆ ಎಂದಿನಂತೆ, "ಬಾ ತಂಗಿ, ಹೊತ್ತಾತು" ಎಂದು ಕರೆದಳು. ಇಬ್ಬರೂ ಬೀಸಿದೆವು. ಅಕ್ಕ ಹಾಡಲಿಲ್ಲ. ಅಂದಿನಿಂದ ನಾನು ಕಂಪ್ಲಿಗೆ ಸೊಸೆಯಾಗಿ ಹೊರಡುವವರೆಗೂ ಹಾಡಲಿಲ್ಲ.

ತವರಿಗೆ ಹೋದಾಗಲೆಲ್ಲ ಈ ಸಲ ಹೇಳಿಯೇ ಬಿಡಬೇಕೆಂದುಕೊಳ್ಳುತ್ತಿದ್ದೆ. ಅಕ್ಕ ಮಕ್ಕಳ ಯೋಗಕ್ಷೇಮ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಹೊತ್ತು ಹೋಗುತ್ತಿತ್ತು. ಒಂದು ಸಲ ಹೋದಾಗ ಅಕ್ಕ ಇರಲಿಲ್ಲ... ಮಣ್ಣಾಗಿ ತಿಂಗಳಾಯಿತು ಎಂದರು.

ಅಕ್ಕಾ, ಮೊದಲು ನಕ್ಕಾಕಿ ನಾನ. ಹಿಟ್ಟಿನ ಕೈಯಲ್ಲೇ ನಿಂತು ಇವತ್ತು ಇಷ್ಟನ್ನು ಬಾಯಿ ಬಿಟ್ಟು ಹೇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ.