ಹಲ್ಲಿನವರು ಊರು ಬದಲಿಸಿದ್ದು

ದೊಡ್ಡ ನಗರದಲ್ಲಿದ್ದಷ್ಟು ಕಾಲ ಅವನು ಜನರಿಗೆ ಹಲ್ಲು ಮಾಡಿಕೊಟ್ಟಿದ್ದನೇ ಹೊರತು ಒಬ್ಬರ ಬಾಯಿಯನ್ನೂ ನೋಡಿರಲಿಲ್ಲ. ನೆಲಮಾಳಿಗೆಯ ಲ್ಯಾಬು. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಬಗ್ಗಿ ಕೂತವರಲ್ಲಿ ಅವನೊಬ್ಬ. ಎಲ್ಲೆಲ್ಲಿಂದಲೋ ಬಾಯಿಯ ಅಚ್ಚುಗಳು ಡಬ್ಬಿಗಳಲ್ಲಿ ಬರುತ್ತಿದ್ದವು. ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸಿದರೆ ಆಯಿತು. ಸರಿಹೋಗದಿದ್ದರೆ ಡಬ್ಬಿ ಸುಮ್ಮನೆ ವಾಪಸು ಬರುತ್ತಿತ್ತು. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ನಾಲ್ಕು ಜನರ ಮುಂದೆ ಬಾಯಿಬಿಡು ಎಂದರೆ ಬೆವರುವ ಅವನಿಗೆ ಅದೇ ಹಿತವಾಗಿತ್ತು.

ಹೆಂಡತಿ ನರ್ಸು. ಅವಳಿಗೆ ಅಷ್ಟೇನೂ ದೊಡ್ಡದಲ್ಲದ, ತೀರ ಸಣ್ಣದೂ ಅಲ್ಲದ ಒಂದು ಊರಿನ ಆಸ್ಪತ್ರೆಯಲ್ಲಿ ಮುಖ್ಯ ನರ್ಸಿನ ಕೆಲಸ ಸಿಕ್ಕಿತು.

"ಇಲ್ಲಿ ನಮ್ಮ ಅರ್ಧ ಆಯುಸ್ಸು ಬಸ್ಸಲ್ಲೇ ಹೋಗ್ತಿದೆ ಕಣ್ರೀ," ಎಂದಳು. "ಅಲ್ಲಿ ಆಸ್ಪತ್ರೆ, ಮಗಳ ಸ್ಕೂಲು ಎಲ್ಲಾ ನಡೆಯೋ ದೂರ. ಹೋಗಿ ನೋಡೋಣ. ಒಗ್ಗದಿದ್ರೆ ವಾಪಸ್ ಬರೋಣ."

ಅವನು ಹೂಂ ಅಂದ. ಒಗ್ಗುವುದಿಲ್ಲ ಎಂದು ಒಳಗೊಳಗೇ ಖಾತ್ರಿಯಿತ್ತು.

ಹೊಸ ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆ ಅವನ ಪಾಲಿಗೆ ಬಂತು. ಕಿಟಕಿ ಇತ್ತು, ಬಿಸಿಲು ಬರುತ್ತಿತ್ತು, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಊಟ ಮಾಡಿ ಬರಬಹುದಿತ್ತು. ಸಂಜೆ ಮಗಳು ಲೆಕ್ಕ ಹೇಳಿಸಿಕೊಳ್ಳಲು ಬಂದಾಗ ಅವನು ಎಚ್ಚರವಾಗಿರುತ್ತಿದ್ದ. ಇಷ್ಟೆಲ್ಲ ಇದ್ದೂ ಅವನಿಗೆ ನೀರಿನಿಂದ ತೆಗೆದ ಮೀನಿನ ಸ್ಥಿತಿ. ಪಕ್ಕದಲ್ಲಿ ಕೂತು ತಮಾಷೆ ಮಾಡಲು ಒಬ್ಬ ಗೆಳೆಯನಿಲ್ಲ. ಒಂದು ಡ್ರಿಲ್ಲಿನ ಬಿಟ್ಟು ಮುರಿದರೆ ಹೊಸದು ಬರುವತನಕ ಕೈಕಟ್ಟಿ ಕೂರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜನ! ತರಕಾರಿ ಅಂಗಡಿಯವನು ಬೆಂಡೆಕಾಯಿ ತೂಗುತ್ತಲೇ ಬಾಯಿ ಅಗಲಿಸಿ, "ಇದು ನೀವು ಮಾಡಿದ್ದೇ ಅಂತೆ ಸಾರ್, ಎಡಗಡೆ ಸ್ವಲ್ಪ ಒತ್ತುತ್ತೆ," ಎಂದು ಬೆರಳಿಟ್ಟು ತೋರಿಸುತ್ತಿದ್ದ. ಬೀದಿಯ ಮಕ್ಕಳು ಅವನಿಗೆ 'ಹಲ್ಲು ಮಾಮ' ಎಂದು ಹೆಸರಿಟ್ಟವು. ಮಗಳು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ನಗು ಬರಲಿಲ್ಲ.

ಅವರಿದ್ದ ಮನೆಯ ಮಹಡಿಯ ಮೇಲೆ ಮನೆಯ ಒಡತಿ, ತನ್ನ ಅಣ್ಣನ ಜೊತೆ ಇದ್ದಳು. ಆಕೆ ನಿವೃತ್ತಿಯಾಗುವವರೆಗೂ ರೈಲು ನಿಲ್ದಾಣದ ಮೈಕಿನಲ್ಲಿ ರೈಲುಗಳ ಹೊತ್ತು ಗೊತ್ತು ಹೇಳುತ್ತಿದ್ದವಳು. ಊರಿಗೆಲ್ಲ ಆಕೆ 'ಮೈಕಮ್ಮ'. ಅಣ್ಣನಿಗೆ ಕಣ್ಣು ಮಂಜಾಗಿತ್ತು. ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಅವನಿಗೆ ಪೇಪರ್ ಓದಿ ಹೇಳುವಳು. ಆ ಕಂಚಿನ ಕಂಠದಿಂದ ಬೀದಿಯ ಅರ್ಧ ಜನಕ್ಕೆ ಪುಕ್ಕಟೆ ಸುದ್ದಿ.

ಆಕೆಯ ಮೇಲಿನ ಹಲ್ಲುಗಳು ಉದುರಿ, ಹೊಸ ಸೆಟ್ಟು ಮಾಡುವ ಕೆಲಸ ಇವನಿಗೇ ಬಂತು. ಅಚ್ಚು ಬಂದಂತೆ ಮಾಡಿದ. ನೋಡಲು ಮುತ್ತಿನಂಥ ಹಲ್ಲು. ಆದರೆ ಹಾಕಿಕೊಂಡ ಮೇಲೆ ಆಕೆ 'ಸ' ಅಂದರೆ ಸುಂಯ್ ಎಂದು ಸಿಳ್ಳೆ ಬರತೊಡಗಿತು. ಅಣ್ಣ ನಕ್ಕುಬಿಟ್ಟನಂತೆ. ಮರುದಿನದಿಂದ ಬಾಲ್ಕನಿ ಮೌನ.

ಬೀದಿಯವರು ಬಿಡುತ್ತಾರೆಯೇ? "ಏನ್ರೀ, ಮೈಕಮ್ಮನ ಬಾಯಿ ಕಟ್ಟಿಬಿಟ್ರಂತೆ?" ಎಂದು ಹಾಲು ತರಲು ಹೋದಲ್ಲಿ ಕೇಳಿದರು, ಕ್ಷೌರಕ್ಕೆ ಹೋದಲ್ಲಿ ಕೇಳಿದರು. ಅವನು ತಲೆ ತಗ್ಗಿಸಿ ಓಡಾಡಿದ. ಆಕೆ ಮಾತ್ರ ದೂರು ಹೇಳಲಿಲ್ಲ. ಮೆಟ್ಟಿಲ ಬಳಿ ಎದುರಾದರೆ ಬಾಯಿ ಮುಚ್ಚಿಕೊಂಡೇ ನಕ್ಕು ಹೋಗುವಳು. ಅದು ಅವನನ್ನು ಇನ್ನೂ ಚುಚ್ಚಿತು.

ಅದೇ ವಾರ ಹಳೆಯ ಲ್ಯಾಬಿನ ಯಜಮಾನರ ಫೋನು ಬಂತು. "ಹೊಸ ಮಿಷನ್ ತಂದಿದೀವಪ್ಪ. ನಿನ್ನ ಕುರ್ಚಿ ಖಾಲಿ ಇದೆ, ಬಂದುಬಿಡು."

ಅವನು ಹೆಂಡತಿಗೆ ಹೇಳಿದ. ಅವಳು ಮಡಿಸುತ್ತಿದ್ದ ಬಟ್ಟೆ ಬಿಟ್ಟು ಅವನ ಮುಖ ನೋಡಿದಳು.

"ಊರು ಒಗ್ಗಲಿಲ್ಲ ಅಂದ್ರೆ ಹೋಗೋಣ, ನಾನು ಮಾತಿಗೆ ತಪ್ಪಲ್ಲ. ಆದ್ರೆ ಆ ಹೆಂಗಸಿಗೆ ಮುಖ ತೋರಿಸೋಕಾಗದೆ ಓಡಿಹೋಗ್ತಿದೀರಿ ಅಂದ್ರೆ ನಾನು ಬರಲ್ಲ."

ಮರುದಿನ ಅವನು ಮಹಡಿ ಹತ್ತಿದ. ಬಾಗಿಲು ತೆರೆದ ಮೈಕಮ್ಮನಿಗೆ, ಅಂಗೈ ಬೆವರು ಒರೆಸಿಕೊಳ್ಳುತ್ತ, "ಅಮ್ಮಾ, ತಪ್ಪು ನಂದು. ನೀವು ಮಾತಾಡೋದನ್ನ ಕೇಳದೇ ಹಲ್ಲು ಮಾಡಿಬಿಟ್ಟೆ. ಒಂದ್ಸಲ ಕ್ಲಿನಿಕ್‌ಗೆ ಬರ್ತೀರಾ?" ಎಂದ.

"ಬರದೇ ಏನು?" ಎಂದಳಾಕೆ ಕೈಯಿಂದ ಬಾಯಿ ಮರೆಮಾಡಿಕೊಂಡು. "ನೀವಾಗಿ ಕೇಳಲಿ ಅಂತಿದ್ದೆ. ಮೊದಲೇ ಸಂಕೋಚದ ಮನುಷ್ಯ, ಬೇಜಾರಾದೀತು ಅಂತ ಸುಮ್ಮನಿದ್ದೆ."

ಆ ಒಂದು ಮಾತಿನಲ್ಲೇ ಎರಡು ಸಿಳ್ಳೆ ಬಂದವು. ಇಬ್ಬರೂ ಕೇಳಿಯೂ ಕೇಳದಂತಿದ್ದರು.

ಡಾಕ್ಟರಮ್ಮ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಇವನನ್ನು ಪಕ್ಕಕ್ಕೆ ಕರೆದರು. ಅವನು ಕೆಲಸದಲ್ಲಿ ಹೀಗೆ ಒಬ್ಬರ ಎದುರು ನಿಂತದ್ದು ಅದೇ ಮೊದಲು. ಏನಾದರೂ ಮಾತಾಡಿ ಎಂದ. ಆಕೆ ಗಂಟಲು ಸರಿಮಾಡಿಕೊಂಡು, "ಸಂಜೆಯ ರೈಲು ಸರಿಯಾದ ಸಮಯಕ್ಕೆ ಹೊರಡಲಿದೆ," ಎಂದಳು. ಸಿಳ್ಳೆಯೋ ಸಿಳ್ಳೆ. ನಾಲಿಗೆ ತಾಗುವ ಜಾಗ, ಮುಂದಿನ ಹಲ್ಲುಗಳ ಹಿಂದೆ, ದಪ್ಪವಾಗಿತ್ತು. ಸೆಟ್ಟನ್ನು ಒಳಗೆ ಒಯ್ದು ಕೂದಲೆಳೆಯಷ್ಟು ಉಜ್ಜಿ ತೆಗೆದು ತಂದ. ಮತ್ತೆ ಹಾಕಿಸಿದ, ಮತ್ತೆ ರೈಲು ಹೊರಡಿಸಿದ. ಎಷ್ಟು ಸಲ ಒಳಗೂ ಹೊರಗೂ ಓಡಾಡಿದನೋ, ಡಾಕ್ಟರಮ್ಮ ಬೇರೆ ರೋಗಿಗಳನ್ನು ಹೊರಗೆ ಕಾಯಿಸಿದರು. ಕೊನೆಗೊಮ್ಮೆ ಆ ಸಾಲು ನೀಟಾಗಿ, ಗಂಟೆ ಹೊಡೆದಂತೆ, ಹೊರಬಂತು. ಹೊರಗೆ ತೂಕಡಿಸುತ್ತಿದ್ದ ಮುದುಕರೊಬ್ಬರು ಗಡಬಡಿಸಿ ಎದ್ದು ಚೀಲ ಹುಡುಕಿದರು. ಕ್ಲಿನಿಕ್ಕಿಗೆ ಕ್ಲಿನಿಕ್ಕೇ ನಕ್ಕಿತು. ಮೈಕಮ್ಮ ಕೈ ಅಡ್ಡ ಹಿಡಿಯದೆ ನಕ್ಕಳು. ತಾನು ಮಾಡಿದ ಹಲ್ಲು ನಗುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ.

ಯಜಮಾನರಿಗೆ ಬರುವುದಿಲ್ಲ ಎಂದ. ಆ ಹೊಸ ಮಿಷನ್ನಿನ ಮೇಲೆ ಅವನಿಗೆ ಈಗಲೂ ಆಸೆ. ಆಗಾಗ ನಗರದ ಬಸ್ಸು ಹತ್ತಿ ಹೋಗಿ, ಹಳೆಯ ಗೆಳೆಯರ ಜೊತೆ ಹರಟೆ ಹೊಡೆದು, ಗದ್ದಲವನ್ನೆಲ್ಲ ಮನದಣಿಯೆ ಕೇಳಿ ಬರುತ್ತಾನೆ.

ಕಳೆದ ಬಾರಿ ಗೆಳೆಯನೊಬ್ಬ, "ನಾನೂ ಆ ಕಡೆ ಬಂದುಬಿಡ್ಲೇನೋ? ಹೇಗಿದೆ ಊರು?" ಎಂದು ಕೇಳಿದ.

"ನಿದ್ದೆ ಚೆನ್ನಾಗಿ ಬರುತ್ತೆ ಕಣೋ," ಎಂದ ಇವನು. "ಆದ್ರೆ ನೀನು ಏನೇ ಎಡವಟ್ಟು ಮಾಡಿದ್ರೂ ಅದು ಎದುರಿಗೇ ಬಂದು ನಮಸ್ಕಾರ ಅನ್ನುತ್ತೆ. ಅದನ್ನ ತಡ್ಕೋತೀಯಾ?"

ಗೆಳೆಯ ಇನ್ನೊಂದು ಟೀ ಹೇಳಿದ. ಇವನು ಬಸ್ಸಿನ ಹೊತ್ತಾಯಿತೆಂದು ಎದ್ದ.