ತೊಟ್ಟಿಲ ಕಟ್ಟಾಕ ಕಂಬ ಎಲ್ಲೈತ್ರಿ?

ಗೆಳೆಯಾರ, ಇವತ್ತ ಕೊಪ್ಪಳದಾಗ ನಮ್ಮ ಹೊಸಾ ಶೇಂಗಾ ಗೋದಾಮು ತೆರದ್ರು. ಹೈದರಾಬಾದಿನ ಇಂಜಿನಿಯರ ಸಾಹೇಬರ ನಕ್ಷಾ ನೋಡಿ, ಗಿಡ್ಡ ಹಲಗಿ ಒಂದಕ್ಕೊಂದು ಜೋಡಿಸಿ, ಜಾಲರಿಯಂಗ ಹೆಣದು ಕಮಾನಿನ ಚಾವಣಿ ಕಟ್ಟಿದ ಬಡಿಗ ನಾನು. ಅಷ್ಟು ಅಗಲ ಐತಿ, ಒಳಗ ಒಂದೂ ಕಂಬಿಲ್ಲ.

ಶೇಂಗಾ ಆರಿಸಾಕ ಬಂದ ಹೆಣ್ಮಕ್ಕಳು ಬಾಗಿಲದಾಗ ನಿಂತಬಿಟ್ರು. ಕೂಸು ಎತ್ತಿಕೊಂಡಿದ್ದ ದುರಗವ್ವ, "ಕಂಬಿಲ್ಲಂದ್ರ ತೊಟ್ಟಿಲ ಎಲ್ಲಿ ಕಟ್ಟೂಣ್ರಿ ಬಡಿಗೇರ? ನಾವು ಒಳಗ ಬರೂದಿಲ್ಲ" ಅಂದಳು.

ನಾನು ಮ್ಯಾಲೇರಿ, ಹಲಗಿ ಕೂಡೂ ಜಾಗಾಕ್ಕ ಹಗ್ಗ ಬಿಗಿದು ಸೀರಿ ತೊಟ್ಟಿಲ ಇಳಿಬಿಟ್ಟೆ.

"ಮೊದಲ ನೀವು ಕುಂದರ್ರಿ, ನೋಡೂಣು" ಅಂದಳು ದುರಗವ್ವ.

ಕುಂತೆ. ದುರಗವ್ವನೇ ತೂಗಿದಳು. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಆಮ್ಯಾಲ ಕೂಸು ಮಲಗಿಸಿ ಕೆಲಸಕ್ಕ ಕುಂತರು.

ದಿನಪೂರ್ತಿ ನನ್ನ ಚಾವಣಿ ಕಡೆ ಒಬ್ಬರೂ ಮುಖ ಎತ್ತಲಿಲ್ಲ. ಅಂಗಾತ ಮಲಗಿದ್ದ ಕೂಸೊಂದು ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟು ನೋಡಾಕತ್ತಿತ್ತು.