ಗಂಗರತ್ನಮ್ಮ ಹೇಳಿಕೊಟ್ಟ ಪ್ರಶ್ನೆ

ಬೈರಕೂರಿನ ಗಂಗರತ್ನಮ್ಮನಿಗೆ ಮಗಳು ಹೆತ್ತ ದಿನದಿಂದಲೂ ಒಂದೇ ಯೋಚನೆ: ಭಾರತಿ ನಿದ್ದೆ ಮಾಡಿದಳೇ? ಮಗು ಹಾಲು ಕುಡಿಯಿತೇ, ಹೊಕ್ಕುಳು ಒಣಗಿತೇ ಎನ್ನುವುದೆಲ್ಲ ನೋಡಲು ಬಂದ ಹೆಂಗಸರು ಕೇಳುವ ಮಾತು. ಇವಳು ಒಲೆಯ ಮುಂದೆ ಕೂತು ಕಷಾಯ ಕುದಿಸುತ್ತಿದ್ದರೂ ಕಿವಿ ಒಳಕೋಣೆಯ ಮಂಚದ ಕಡೆಗೇ. ಮಂಚ ಕಿರುಗುಟ್ಟಿದರೆ, ಅಯ್ಯೋ ಎಚ್ಚರವಾಗಿದ್ದಾಳೆ. ಕಿರುಗುಟ್ಟದಿದ್ದರೆ ಇನ್ನೂ ಭಯ. ಕಣ್ಣು ಬಿಟ್ಟುಕೊಂಡು ಜಂತೆ ನೋಡುತ್ತ ಬಿದ್ದಿದ್ದಾಳೋ ಏನೋ.

ಇದೇ ಭಾರತಿ ಹುಟ್ಟಿದಾಗ, ಹತ್ತೊಂಬತ್ತು ವರ್ಷದ ಹಿಂದೆ, ಗಂಗರತ್ನಮ್ಮನಿಗೆ ಬುದ್ಧಿ ಕದಡಿಹೋಗಿತ್ತು. ಮೊದಲು ನಿದ್ದೆ ಬಿಟ್ಟುಹೋಯಿತು, ಆಮೇಲೆ ಹಸಿವು. ಆಮೇಲೆ, ತೊಟ್ಟಿಲಲ್ಲಿರುವುದು ತನ್ನ ಮಗುವಲ್ಲ, ಯಾರೋ ಬದಲಾಯಿಸಿದ್ದಾರೆ ಎನ್ನುವುದು ತಲೆಯೊಳಗೆ ಬಂದು ಕೂತಿತು. ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಮೆಣಸಿನಕಾಯಿ ಹೊಗೆ ಹಾಕಿಸಿದರು. ಎರಡು ತಿಂಗಳು ಹಾಳಾದ ಮೇಲೆ ಗಂಡ ಚನ್ನರಾಯಪ್ಪ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ. ವಾಸಿಯಾಗಿ ಬಂದಳು. ದೂರದ ನೆಂಟರಿಗೆಲ್ಲ ಕಾಮಾಲೆಯಾಗಿತ್ತು ಎಂದು ಹೇಳಿದ್ದಾಯಿತು. ಊರಿನವರು ಹೆಣ್ಣುಕೂಸಿನ ಮುಂದಿನ ಬಾಳು ನೆನೆದು ಬಾಯಿ ಬಿಡಲಿಲ್ಲ. ಗೌನಿಪಲ್ಲಿಯಲ್ಲಿ ಭಾರತಿಗೆ ಸಂಬಂಧ ಕುದುರಿದ್ದು ಹಾಗೆ.

ಊರು ಮರೆತರೂ ಗಂಗರತ್ನಮ್ಮನ ಅತ್ತೆ ಮುನಿಶಾಮಮ್ಮ ಮರೆಯಲಿಲ್ಲ. ರೇಷ್ಮೆ ಹುಳ ಸಾಕುವ ಮನೆ. ಮರಿಹುಳಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ಅದು ಸೊಸೆಯ ಕೆಲಸ. ಅತ್ತೆ ಸೊಪ್ಪು ಕೊಯ್ಯಿಸಿದಳು, ತಟ್ಟೆ ತೊಳೆಸಿದಳು, ಕತ್ತಿ ಮಾತ್ರ ಕೈಗೆ ಕೊಡಲಿಲ್ಲ. ಬೈಗುಳವಿಲ್ಲ, ಜಗಳವಿಲ್ಲ. “ಇತ್ತ ಕೊಡು ಅದನ್ನ. ನೀನ್ ಹೋಗಿ ನೀರ್ ತಗೊಂಬಾ.” ಅಷ್ಟೆ. ಸಾಯುವ ತನಕ ಹನ್ನೊಂದು ವರ್ಷ.

ಕಳೆದ ಶ್ರಾವಣದಲ್ಲಿ ಕದಿರೇಶ ಎಂಬ ನಡುವಯಸ್ಸಿನ ಮನುಷ್ಯ ಸೈಕಲ್ಲಿಗೆ ಕಾಗದದ ಕಟ್ಟು ಸಿಕ್ಕಿಸಿಕೊಂಡು ಊರಿಗೆ ಬಂದ. ಬೆಂಗಳೂರಿನ ಡಾಕ್ಟರುಗಳು ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆಯವರು ಎಷ್ಟಿದ್ದಾರೆಂದು ತಿಳಿಯಲು ಹೊರಟಿದ್ದರು; ಇವನು ಅವರ ಪರವಾಗಿ ಮನೆಮನೆ ತಿರುಗಿ ಕೇಳಿ ಬರೆದುಕೊಳ್ಳುವವನು. ಸಂಜೆಯ ಹೊತ್ತಿಗೆ ಗಂಗರತ್ನಮ್ಮನ ಜಗಲಿಯ ಮೇಲೆ ಸುಸ್ತಾಗಿ ಕೂತ.

“ಇಡೀ ಬೈರಕೂರಲ್ಲಿ ಮಾನಸಿಕ ರೋಗಿ ಒಬ್ರೂ ಇಲ್ವಂತೆ ಕಣಮ್ಮ. ಇದನ್ನ ತಗೊಂಡ್ ಹೋಗಿ ಕೊಟ್ರೆ ಡಾಕ್ಟರು ನನ್ನ ಹೆಸರನ್ನೇ ಬರ್ಕೊಂತಾರೆ.”

ಗಂಗರತ್ನಮ್ಮನಿಗೆ ನಗು ಬಂತು. ನಗುತ್ತಿರುವಾಗಲೇ, ಯಾಕೋ ಏನೋ, ಬಾಯಿಂದ ಬಂದುಬಿಟ್ಟಿತು.

“ಹಂಗ್ ಕೇಳಿದ್ರೆ ಯಾರಪ್ಪ ಹೇಳ್ತಾರೆ? ನಿಮ್ಮನೇಲಿ ಸೊಪ್ಪು ಕತ್ತರಿಸೋ ಕತ್ತಿ ಯಾರ ಕೈಗೆ ಕೊಡಲ್ಲ ಅಂತ ಕೇಳು.”

“ಅಂದ್ರೆ?”

“ನನ್ ಕೈಗೆ ಕೊಡ್ತಿರ್ಲಿಲ್ಲ.”

ಆ ಸಂಜೆ ಎಲ್ಲವನ್ನೂ ಹೇಳಿದಳು. ಆ ಪ್ರಶ್ನೆ ಹಿಡಿದು ಹೊರಟ ಕದಿರೇಶನಿಗೆ ಒಂದೇ ತಿಂಗಳಲ್ಲಿ ಹದಿನಾಲ್ಕು ಮಂದಿ ಸಿಕ್ಕಿದರು. ಮುಳಬಾಗಿಲಿನ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದ, ಈ ಸರ್ವೇ ಮಾಡಿಸುತ್ತಿದ್ದ ಡಾಕ್ಟರು ಅವಳನ್ನು ಕರೆಸಿ, ಕುರ್ಚಿ ಹಾಕಿಸಿ, ಉಳಿದ ಪ್ರಶ್ನೆಗಳನ್ನೂ ಓದಿ ಹೇಳಿದರು. ಎಲ್ಲಿ ತಪ್ಪಿದ್ದೇವೆ ಹೇಳಿ ಎಂದರು. ಅದುವರೆಗೆ ಡಾಕ್ಟರ ಮುಂದೆ ನಾಲಗೆ ಚಾಚಿದ್ದಳೇ ಹೊರತು ಅವಳು ಮಾತಾಡಿರಲಿಲ್ಲ. “ಬಾಣಂತೀನ ಅತ್ತೆ ಮುಂದೆ ಕೇಳ್ಬೇಡಿ ಸಾರ್,” ಎಂದಳು. “ಚೆನ್ನಾಗಿದೀನಿ ಅನ್ನೋದ್ ಬಿಟ್ಟು ಇನ್ನೇನಂತಾಳೆ?” ಅವರು ಬರೆದುಕೊಂಡರು. ಹೊರಡುವಾಗ ಒಂದೇ ಒಂದು ಬೇಡಿಕೆ ಇಟ್ಟಳು: ನನ್ನ ಹೆಸರು ಎಲ್ಲೂ ಹೇಳಬೇಡಿ, ಮಗಳು ಬಸುರಿ.

ಈಗ ಆ ಮಗಳು ಹೆತ್ತು ಹತ್ತನೆಯ ದಿನ. ಎರಡು ದಿನದಿಂದ ಅವಳಿಗೆ ನಿದ್ದೆಯಿಲ್ಲ.

“ಸುಮ್ನಿರೇ,” ಎಂದ ಚನ್ನರಾಯಪ್ಪ. “ಮಗು ಅಳುತ್ತೆ, ಬಾಣಂತಿ ಎದ್ದಿರ್ತಾಳೆ. ಅದಕ್ಕೂ ಭಯವಾ?”

“ಮಗು ಮಲಗಿದಾಗ್ಲೂ ಇವಳು ಮಲಗ್ತಾ ಇಲ್ಲ ಕಣ್ರೀ.”

“ನಿಂಗೆ ಹಗ್ಗ ಕಂಡ್ರೂ ಹಾವೇ.”

ಇರಬಹುದು. ಅದೇ ಅವಳ ಸಂಕಟ. ತನ್ನ ಕಣ್ಣು ಕಾಣುತ್ತಿರುವುದು ಮಗಳನ್ನೋ, ಹತ್ತೊಂಬತ್ತು ವರ್ಷದ ಹಿಂದಿನ ತನ್ನನ್ನೋ? ಮುಳಬಾಗಿಲಿಗೆ ಕರೆದುಕೊಂಡು ಹೋದರೆ ಬೀಗರಿಗೆ ಗೊತ್ತಾಗುತ್ತದೆ. ಹೋಗದಿದ್ದರೆ? ಹೀಗೆ ಹಿಂದುಮುಂದು ನೋಡುತ್ತಿರುವಾಗಲೇ ಬೆಳಗಿನ ಎಂಟು ಗಂಟೆಯ ಬಸ್ಸಿನಿಂದ ಗೌನಿಪಲ್ಲಿಯ ಬೀಗಿತ್ತಿ ಅಶ್ವತ್ಥಮ್ಮ ಇಳಿದಳು. ಹೇಳದೆ ಕೇಳದೆ ಬಂದಿದ್ದಳು. ಕಾಲಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ. ಯಾವಾಗಲೂ ತೆಲುಗಿನ ವರಸೆಯಲ್ಲಿ ‘ವದಿನಾ’, ಅತ್ತಿಗೆ, ಎಂದು ಬಾಯಿ ತುಂಬ ಕರೆಯುತ್ತಿದ್ದವಳು ಇವತ್ತೂ ಹಾಗೇ ಕರೆದಳು. ಆದರೆ ದನಿಯಲ್ಲಿ ಉಪ್ಪು ಖಾರವೇ ಬೇರೆ.

“ಕಾಮಾಲೆ ಅಂದಿದ್ರಲ್ಲ ವದಿನಾ?”

ಗಂಗರತ್ನಮ್ಮ ಚೊಂಬನ್ನು ಜಗಲಿಯ ಮೇಲಿಟ್ಟಳು.

“ನಮ್ಮೂರಿಗೆ ಸರ್ವೇಗೆ ಬಂದೋನು ಪಕ್ಕದ್ಮನೇಲಿ ಹೇಳ್ದ. ಬೈರಕೂರಲ್ಲಿ ಹುಳದ ಮನೆಯೋರೊಬ್ರು, ಬಾಣಂತನದಲ್ಲಿ ಬುದ್ಧಿ ಕೆಟ್ಟು ಬೆಂಗಳೂರಲ್ಲಿ ವಾಸಿಯಾದೋರು, ಕತ್ತಿ ಪ್ರಶ್ನೆ ಅವ್ರೇ ಕೊಟ್ಟಿದ್ದು ಅಂತ. ಹೆಸರು ಹೇಳ್ಲಿಲ್ಲ. ಹೇಳ್ಬೇಕಾ? ಕಾಮಾಲೆಗೆ ಬೆಂಗಳೂರಲ್ಲಿ ಮೂರು ತಿಂಗಳು ಮಲಗಿದ್ದೋರು ಬೈರಕೂರಲ್ಲಿ ಎಷ್ಟು ಜನ?”

“ಯಾರೋ ಹೊಟ್ಟೆಕಿಚ್ಚಿನೋರು...” ಎಂದು ಚನ್ನರಾಯಪ್ಪ ಶುರುಮಾಡಿದ.

“ನೀವಿರಿ ಬಾವಾ. ನಾನು ವದಿನಾನ ಕೇಳ್ತಾ ಇದೀನಿ. ಹೌದೋ, ಅಲ್ವೋ? ಹೌದಾದ್ರೆ ನನ್ ಸೊಸೆ, ನನ್ ಮೊಮ್ಮಗ ಈಗ್ಲೇ ನನ್ ಜತೆ ಬರ್ಬೇಕು.”

ಅಲ್ಲ ಎಂದರೆ ಮಗಳು ಇಲ್ಲೇ ಉಳಿಯುತ್ತಾಳೆ. ಆದರೆ ಅಲ್ಲ ಎಂದ ಬಾಯಲ್ಲೇ ನಾಳೆ ‘ಇವಳಿಗೂ ಹಾಗೇ ಆಗ್ತಿದೆ, ನಾನು ಬಲ್ಲೆ’ ಎನ್ನುವುದು ಹೇಗೆ? ಹೌದು ಎಂದರೆ ಭಾರತಿ ಹೊರಟುಹೋಗುತ್ತಾಳೆ, ಅಲ್ಲಿ ಅವಳ ನಿದ್ದೆ ಕಾಯುವವರು ಯಾರೂ ಇಲ್ಲ. ಗಂಗರತ್ನಮ್ಮ ಗಂಡನ ಕಡೆ ನೋಡಲಿಲ್ಲ.

“ಹೌದು,” ಎಂದಳು. “ಮೋಸಾನೇ ಮಾಡಿದ್ವಿ. ಕರ್ಕೊಂಡ್ ಹೋಗಿ. ಆದ್ರೆ ನಾನ್ ಹೇಳೋದು ಕೇಳ್ಕೊಂಡು ಹೋಗಿ.”

ನಿಂತ ನಿಲುವಿನಲ್ಲೇ ಒಂದೊಂದಾಗಿ ಹೇಳಿದಳು. ಮೊದಲು ಏನು ಹೋಗುತ್ತದೆ, ಆಮೇಲೆ ಏನು ಬರುತ್ತದೆ, ಎಷ್ಟು ಬೇಗ ಬರುತ್ತದೆ. ಭಾರತಿ ಎರಡು ದಿನದಿಂದ ಮಲಗಿಲ್ಲವೆಂದೂ ಹೇಳಿದಳು.

“ನಿಮ್ ಕಣ್ಣಿಗೆ ಎಲ್ರೂ ಹಂಗೇ ಕಾಣ್ತಾರೆ.”

“ಅದೇ ಭಯ ನಂಗೂ. ನನ್ ಕಣ್ಣು ನಂಬ್ಬೇಡಿ. ಸಂಜೆ ಬಸ್ಸಿನವರ್ಗೂ ನೀವೇ ಕೂತು ನೋಡಿ. ಮಗು ಮಲಗಿದಾಗ ಅವಳೂ ಮಲಗಿದ್ರೆ ನಾನೇ ಬಸ್ ಹತ್ತಿಸ್ತೀನಿ.”

ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಒಳಕೋಣೆಯಲ್ಲಿ ಹೋಗಿ ಕೂತಳು, ತೊಟ್ಟಿಲಿಗೆ ಅಡ್ಡವಾಗಿ.

ಎಣ್ಣೆಸ್ನಾನವಾಯಿತು, ಸಾಂಬ್ರಾಣಿ ಹೊಗೆಯಾಯಿತು. ಎಂಥ ಬಾಣಂತಿಯಾದರೂ ತೂಕಡಿಸುವ ಹೊತ್ತು. ಮಗು ಮಲಗಿತು. ಗಂಗರತ್ನಮ್ಮ ಹೊರಗೆ ಮೊರದಲ್ಲಿ ರಾಗಿ ಹಾಕಿಕೊಂಡು ಕೂತಳು. ಕೇರಿದ್ದನ್ನೇ ಮತ್ತೆ ಕೇರಿದಳು. ಮಲಗಲಿ ದೇವರೇ. ಮಲಗಿದರೆ ಕರೆದುಕೊಂಡು ಹೋಗುತ್ತಾಳೆ, ಹೋಗಲಿ, ಮಲಗಲಿ. ಮಗು ಎದ್ದಿತು, ಕುಡಿಯಿತು, ಮತ್ತೆ ಮಲಗಿತು. ಒಳಗಿಂದ ಮಂಚ ಕಿರುಗುಟ್ಟುತ್ತಲೇ ಇತ್ತು. “ಕಣ್ಮುಚ್ಚು ತಲ್ಲಿ,” ಎಂದು ಅಶ್ವತ್ಥಮ್ಮ ಅನ್ನುವುದು ಕೇಳಿಸಿತು, ಒಂದು ಸಲ, ಎರಡು ಸಲ.

ಮಧ್ಯಾಹ್ನ ಮೂರಕ್ಕೆ ಮಗು ಮೂರನೆಯ ಸಲ ಮಲಗಿದಾಗ ಭಾರತಿ ಎದ್ದು ಕೂತಳು. ಮೆತ್ತಗೆ, ಮರ್ಯಾದೆಯಾಗಿ ಕೇಳಿದಳು.

“ಅತ್ತೆ, ನನ್ ಮಗೂನ ಯಾವಾಗ ತಂದ್ಕೊಡ್ತೀರಾ?”

ಅಶ್ವತ್ಥಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು.

“ವದಿನಾ... ಮುಳಬಾಗಿಲಿಗೆ ಬಸ್ಸೆಷ್ಟೊತ್ತಿಗೆ?”

ಮೂರೂವರೆಯ ಬಸ್ಸಿಗೆ ನಾಲ್ವರೂ ಮಗುವೂ ಹೊರಟರು. ಆರೋಗ್ಯ ಕೇಂದ್ರದ ಡಾಕ್ಟರು ಭಾರತಿಯನ್ನು ಒಬ್ಬಳನ್ನೇ ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದು, ಬೇಗ ತಂದಿದ್ದೀರಿ, ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು. ಚುಚ್ಚುಮದ್ದು ಕೊಟ್ಟು ಅಲ್ಲೇ ಮಲಗಿಸಿಕೊಂಡರು.

ವರಾಂಡದಲ್ಲಿ ಕದಿರೇಶ ಎದುರಾದ. ಗೌನಿಪಲ್ಲಿಯಲ್ಲಿ ಕಂಡಿದ್ದ ಅಶ್ವತ್ಥಮ್ಮನನ್ನು ಇವಳ ಜತೆ ನೋಡಿ ಅವನಿಗೆ ಅರ್ಥವಾಯಿತು.

“ನಾನು ಹೆಸರು ಹೇಳ್ಲಿಲ್ಲಮ್ಮ. ಆಣೆಗೂ.”

“ಊರು ಹೇಳ್ದೆ, ಹುಳದ ಮನೆ ಹೇಳ್ದೆ, ಬಾಣಂತನ ಹೇಳ್ದೆ. ಇನ್ನು ಹೆಸರು ಯಾಕಪ್ಪ ಬೇಕು?” ಎಂದಳು ಗಂಗರತ್ನಮ್ಮ. “ನನ್ ಕೈಲಿ ಪ್ರಶ್ನೆ ತಿದ್ದಿಸ್ಕೊಂಡ್ರಲ್ಲ, ಇದನ್ನೂ ಬರ್ಕೋ ಹೋಗು. ಯಾವ ಮಾತು ಹೊರಗೆ ಹೋಗ್ಬೋದು, ಯಾವುದು ಹೋಗ್ಬಾರ್ದು ಅಂತ ಮೊದ್ಲು ಆ ಮಾತು ಹೇಳಿದೋರನ್ನ ಕೇಳ್ಬೇಕು ಅಂತ.”

ಅವನು ನಿಜವಾಗಿಯೂ ಪೆನ್ನು ತೆಗೆದ. ಅವಳಿಗೆ ಅದನ್ನು ನೋಡುತ್ತ ನಿಲ್ಲುವಷ್ಟು ಸಮಾಧಾನವಿರಲಿಲ್ಲ.

ಒಳಗೆ ಮಗು ಅಶ್ವತ್ಥಮ್ಮನ ಮಡಿಲಲ್ಲಿ ಮಲಗಿತ್ತು. ಪಕ್ಕದ ಮಂಚದಲ್ಲಿ ಭಾರತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಶ್ವತ್ಥಮ್ಮ ಪಿಸುದನಿಯಲ್ಲಿ ಕೇಳಿದಳು.

“ಮಲಗಿದಾಳಾ?”

“ಮಲಗಿದಂಗಿದೆ.”

“ಹಂಗಲ್ಲ, ಸರಿಯಾಗ್ ನೋಡಿ ವದಿನಾ. ನಂಗೇನ್ ಗೊತ್ತಾಗುತ್ತೆ, ನಿಮಗೇ ಗೊತ್ತಾಗೋದು.”

ಗಂಗರತ್ನಮ್ಮ ಮಂಚದ ಆ ಬದಿಗೆ ಹೋಗಿ ಬಗ್ಗಿ ನೋಡಿದಳು. ಬಾಯಿ ಅರೆ ತೆರೆದಿತ್ತು. ರೆಪ್ಪೆ ಅದುರುತ್ತಿರಲಿಲ್ಲ. ಉಸಿರು ಉದ್ದವಾಗಿತ್ತು. ಆದರೂ ಅವಳು ಉಸಿರುಗಳನ್ನು ಒಂದೊಂದಾಗಿ ಎಣಿಸುತ್ತ ಅಲ್ಲೇ ಬಗ್ಗಿ ನಿಂತಿದ್ದಳು.